ಹೋಗುವ ಗಾಳಿ ಅಲ್ಲ, ವಾಪಸ್ ಬರುವ ಗಾಳಿ ನೋಡಿ

“ಎಷ್ಟು ಗಂಟೆಗೆ ವಾಪಸ್ ಬರ್ತೀರಿ ಉಸ್ತಾದ್?”

ಕಸಬಾ ಬೆಂಗ್ರೆಯ ನದಿ ದಡದಲ್ಲಿ ಕೂತು ಬಲೆ ಸರಿಪಡಿಸುತ್ತಿದ್ದ ಕಾಕ ನಮ್ಮಲ್ಲಿ ಕೇಳಿದ್ದು ಇದೊಂದೇ ಪ್ರಶ್ನೆ. ಅವರು ನಮಗೆ ಸಂಬಂಧಿಕರಲ್ಲ, ಊರಿಗೆಲ್ಲ ಕಾಕ. ವಯಸ್ಸು ಎಪ್ಪತ್ತು ದಾಟಿದೆ. ಹುಡುಗನಾಗಿದ್ದಾಗ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಅಕ್ಕಿ, ಹಂಚು ಸಾಗಿಸುತ್ತಿದ್ದ ಮಂಜಿಯಲ್ಲಿ ಅಡುಗೆ ಕೆಲಸಕ್ಕೆ ಸೇರಿ, ಆಮೇಲೆ ಹಾಯಿ ಕಟ್ಟಲು ಕಲಿತು, ಕೊನೆಗೆ ಮೀನಿನ ದೋಣಿಗೆ ಬಂದವರು. ಅವರ ಪ್ರಶ್ನೆಗೆ ನಾವು ನಗುತ್ತಾ, “ನೋಡುವ ಕಾಕ, ಆರಾಮದಲ್ಲಿ ಬರ್ತೇವೆ” ಅಂದೆವು. ಆ ಉತ್ತರ ಎಷ್ಟು ದಡ್ಡತನದ್ದು ಅಂತ ಮಧ್ಯಾಹ್ನ ಎರಡು ಗಂಟೆಗೆ ಅಳಿವೆ ಬಾಗಿಲಿನ ಹೊರಗೆ ಗೊತ್ತಾಯಿತು.

ಈ ಪುಟದಲ್ಲಿ ನಾವು ಸಾಮಾನ್ಯವಾಗಿ ಮಕ್ಕಳ ಶಿಕ್ಷಣದ ಬಗ್ಗೆ ಬರೆಯುವವರು. ಕಡಲಿನ ಬಗ್ಗೆ ಬರೆಯಲು ನಮಗೆಂತ ಅರ್ಹತೆ ಅಂತ ಓದುಗರು ಕೇಳಬಹುದು. ಅರ್ಹತೆ ಇಲ್ಲ, ಒಂದು ದಿನದ ಪಾಠ ಉಂಟು. ಈಗ ನಮ್ಮ ಯುವಕರಲ್ಲಿ ಗಲ್ಫಿನಲ್ಲಿ ಹಾಯಿದೋಣಿ ಕಲಿತು ಬಂದವರಿದ್ದಾರೆ. ರಜೆಗೆ ಬಂದಾಗ, ಪೆರ್ನಾಲ್ ಕಳೆದ ಮರುದಿನ, ಮನೆಯವರನ್ನು ಕರೆದುಕೊಂಡು ದೋಣಿಯಲ್ಲಿ ಸುತ್ತುವುದು ಹೆಚ್ಚಾಗಿದೆ. ಅದು ಒಳ್ಳೆಯದೇ. ಆದರೆ “ಇವತ್ತು ಕಡಲು ಹೇಗುಂಟು?” ಎಂಬ ಪ್ರಶ್ನೆಗೆ ನಾವು ದಡದಲ್ಲಿ ನಿಂತು ಕೊಡುವ ಉತ್ತರ ಅರ್ಧ ಮಾತ್ರ ಸರಿ. ಉಳಿದರ್ಧವನ್ನು ನಾವು ಹೇಗೆ ಕಲಿತೆವು ಅಂತ ಇಲ್ಲಿ ಹೇಳುತ್ತೇವೆ.

ಬೆಳಗ್ಗಿನ ಕಡಲು

ಅದು ಜನವರಿ ತಿಂಗಳ ಒಂದು ಆದಿತ್ಯವಾರ. ತಂಗಿಯ ಮಗ ದುಬೈಯಲ್ಲಿ ಕೆಲಸದಲ್ಲಿದ್ದಾನೆ, ಅಲ್ಲಿ ಎರಡು ವರ್ಷ ಹಾಯಿದೋಣಿ ಕಲಿತಿದ್ದಾನೆ. ಗೋವಾ ಕಡೆಯಿಂದ ಹದಿನಾರು ಅಡಿಯ ಹಳೆ ಫೈಬರ್ ಹಾಯಿದೋಣಿಯೊಂದನ್ನು ಗೆಳೆಯರ ಜೊತೆ ಸೇರಿ ತರಿಸಿದ್ದ. “ಮಾಮ, ಒಂದು ಸಲ ಬನ್ನಿ, ಮಗನನ್ನೂ ಕರ್ಕೊಂಡು ಬನ್ನಿ” ಅಂತ ಎರಡು ವಾರದಿಂದ ಒತ್ತಾಯ. ನಮ್ಮ ಮಗ ಎಂಟನೇ ಕ್ಲಾಸು. ಅವನಿಗಂತೂ ರಾತ್ರಿ ನಿದ್ದೆಯೇ ಬರಲಿಲ್ಲ.

ಬೆಳಗ್ಗೆ ಎಂಟೂವರೆಗೆ ನದಿಯಲ್ಲಿ ನೀರು ಎಣ್ಣೆಯ ಹಾಗೆ. ಪೂರ್ವದಿಂದ ತಂಪು ಗಾಳಿ. ಅಳಿಯ ಮೊಬೈಲ್ ತೋರಿಸಿದ: ಗಾಳಿ 6 ನಾಟ್, ತೆರೆ ಅರ್ಧ ಮೀಟರ್. “ಇದಕ್ಕಿಂತ ಒಳ್ಳೆ ದಿನ ಸಿಗ್ಲಿಕ್ಕಿಲ್ಲ ಮಾಮ” ಅಂದ. ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲು, 1.852 ಕಿಲೋಮೀಟರ್. 6 ನಾಟ್ ಅಂದರೆ ಗಂಟೆಗೆ 11 ಕಿಲೋಮೀಟರ್, ಸೈಕಲಿನಲ್ಲಿ ನಿಧಾನಕ್ಕೆ ಹೋಗುವಾಗ ಮುಖಕ್ಕೆ ತಾಗುವಷ್ಟು ಗಾಳಿ.

ಆಗಲೇ ಕಾಕ ಆ ಪ್ರಶ್ನೆ ಕೇಳಿದ್ದು. ನಮ್ಮ ಉತ್ತರ ಕೇಳಿ ಅವರು ಬಲೆಯಿಂದ ತಲೆ ಎತ್ತಲಿಲ್ಲ. “ಅದು ಈಗಿನ ಗಾಳಿ. ಹೋಗ್ಲಿಕ್ಕೆ ಯಾವ ಗಾಳಿಯೂ ಆಗ್ತದೆ. ಬರ್ಲಿಕ್ಕೆ ಎಂತ ಗಾಳಿ ಉಂಟು ಅಂತ ನೋಡಿ. ಹತ್ತೂವರೆಗೆ ತಿರುಗಿ. ಲುಹರ್ ಬಾಂಗ್ ಆಗುವಾಗ ದೋಣಿ ಇಲ್ಲಿ ಕಟ್ಟಿರ್ಬೇಕು.” ಇಷ್ಟು ಹೇಳಿ ಸುಮ್ಮನಾದರು.

ಲೈಫ್ ಜಾಕೆಟ್ ಹಾಕಿಕೊಂಡು ಹೊರಟೆವು. ನೇತ್ರಾವತಿ, ಗುರುಪುರ ಎರಡೂ ನದಿ ಸೇರಿ ಕಡಲಿಗೆ ಬೀಳುವ ಅಳಿವೆ ಬಾಗಿಲಿನಲ್ಲಿ ಆಗ ಉಬ್ಬರದ ಕೊನೆ, ನೀರು ನಿಂತ ಹಾಗೆ ಇತ್ತು. ಎರಡು ಬದಿಯ ಕಲ್ಲಿನ ತಡೆಗೋಡೆಗಳ ನಡುವೆ ಕೆರೆಯಲ್ಲಿ ಹೋದಂತೆ ಹೊರಗೆ ಹೋದೆವು. ಅಲ್ಲಿಂದ ದಕ್ಷಿಣಕ್ಕೆ ತಿರುಗಿ ಉಳ್ಳಾಲದ ಕಡೆ. ಮಗ ಚುಕ್ಕಾಣಿ ಹಿಡಿದ. ಡಾಲ್ಫಿನ್ ಎರಡು ಸಲ ಬೆನ್ನು ತೋರಿಸಿತು. ಹತ್ತೂವರೆ ಯಾವಾಗ ಆಯಿತು ಅಂತ ಯಾರಿಗೂ ನೆನಪಿಲ್ಲ. ನೆನಪಾದವರೂ ಹೇಳಲಿಲ್ಲ, ಯಾಕೆಂದರೆ ಮಗನ ಮುಖದಲ್ಲಿ ಅಷ್ಟು ಖುಷಿ ಇತ್ತು.

ಹನ್ನೊಂದೂವರೆಗೆ ಗಾಳಿ ಸತ್ತೇ ಹೋಯಿತು. ಹಾಯಿ ಒದ್ದೆ ಬಟ್ಟೆಯಂತೆ ಜೋತಾಡಿತು. ದೋಣಿಗೆ ನಡಿಗೆ ಇಲ್ಲದಿದ್ದರೆ ಸಣ್ಣ ತೆರೆಯೂ ಅದನ್ನು ತೊಟ್ಟಿಲಿನ ಹಾಗೆ ತೂಗುತ್ತದೆ. ಹತ್ತು ನಿಮಿಷದಲ್ಲಿ ಮಗನ ಮುಖ ಬಿಳಚಿತು, ಬೆಳಗ್ಗೆ ತಿಂದ ಪುಂಡಿ ಎಲ್ಲ ಹೊರಗೆ ಬಂತು. ಗಾಳಿ ಇಲ್ಲದ ಕಡಲು ಸುಖದ ಕಡಲು ಅಂತ ತಿಳಿದಿದ್ದ ನಮಗೆ ಇದು ಮೊದಲ ಪಾಠ. ಹಾಯಿದೋಣಿಯವರಿಗೆ ಗಾಳಿ ಜಾಸ್ತಿಯಾದರೂ ಕಷ್ಟ, ಇಲ್ಲದಿದ್ದರೂ ಕಷ್ಟ.

ಗಾಳಿ ಯಾಕೆ ತಿರುಗುತ್ತದೆ?

ಹನ್ನೆರಡೂಕಾಲಕ್ಕೆ ವಾಯುವ್ಯ ದಿಕ್ಕಿನಲ್ಲಿ ನೀರಿನ ಮೇಲೆ ಒಂದು ಕಪ್ಪು ಗೆರೆ ಕಂಡಿತು. ಗೆರೆ ಹತ್ತಿರ ಬಂದ ಹಾಗೆ ಹಾಯಿ ಪಟಪಟ ಹೊಡೆಯಿತು. ಹೊಸ ಗಾಳಿ ಬಂತು, ಬೆಳಗ್ಗಿನದಕ್ಕೆ ಸರೀ ಎದುರು ಕಡೆಯಿಂದ.

ಇದರಲ್ಲಿ ಆಶ್ಚರ್ಯ ಏನಿಲ್ಲ, ಸ್ಕೂಲಿನಲ್ಲಿ ಓದಿದ್ದೇ. ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ಕಡಲು ಬಿಸಿ ಹಿಡಿದಿರುತ್ತದೆ. ಹಾಗಾಗಿ ಬೆಳಗ್ಗೆ ಗಾಳಿ ನೆಲದಿಂದ ಕಡಲಿಗೆ. ಬಿಸಿಲು ಏರಿದ ಮೇಲೆ ನೆಲ ಕಾದು ಅದರ ಮೇಲಿನ ಗಾಳಿ ಹಗುರಾಗಿ ಏರುತ್ತದೆ, ಆ ಜಾಗಕ್ಕೆ ಕಡಲಿನ ತಂಪು ಗಾಳಿ ನುಗ್ಗುತ್ತದೆ. ಎರಡರ ನಡುವೆ ಸ್ವಲ್ಪ ಹೊತ್ತು ಗಾಳಿಯೇ ಇರುವುದಿಲ್ಲ. ನಮ್ಮ ಕರಾವಳಿಯಲ್ಲಿ ಚಳಿಗಾಲದಿಂದ ಬೇಸಗೆವರೆಗೆ ಹೆಚ್ಚುಕಡಿಮೆ ದಿನಾ ಇದೇ ಕ್ರಮ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಕಡಲ ಗಾಳಿ ಜೋರು, ಮಗ್ರಿಬ್ ಹೊತ್ತಿಗೆ ಇಳಿಯುತ್ತದೆ. ಮೀನುಗಾರರಿಗೆ ಇದು ಗಡಿಯಾರ. ನಾವು ಪರೀಕ್ಷೆಗೆ ಓದಿ ಮರೆತಿದ್ದೆವು.

ಬೆಳಗ್ಗಿನ ನೆಲದ ಗಾಳಿಯಲ್ಲಿ ಇನ್ನೊಂದು ಮೋಸ ಉಂಟು. ಗಾಳಿ ನೀರಿನ ಮೇಲೆ ದೂರ ಓಡಿದಷ್ಟೂ ತೆರೆ ಎದ್ದು ದೊಡ್ಡದಾಗುತ್ತದೆ. ನೆಲದಿಂದ ಬೀಸುವಾಗ ದಡದ ಹತ್ತಿರ ತೆರೆ ಏಳಲಿಕ್ಕೆ ಜಾಗವೇ ಇಲ್ಲ. ಅದಕ್ಕೇ ದಡದಲ್ಲಿ ನಿಂತವನಿಗೆ ಕಡಲು ಸಪಾಟಾಗಿ ಕಾಣುತ್ತದೆ. ಅದೇ ಗಾಳಿ ದೋಣಿಯನ್ನು ಮೆಲ್ಲ ಮೆಲ್ಲ ಹೊರಗೆ ದೂಡುತ್ತಿರುತ್ತದೆ. ಗಾಳಿ ತುಂಬಿದ ರಬ್ಬರ್ ಟ್ಯೂಬ್, ಆಟದ ಗಾಳಿ ಹಾಸಿಗೆ ಹಿಡಿದು ನೀರಿಗಿಳಿಯುವ ಮಕ್ಕಳಿಗೆ ಈ ಸಪಾಟು ಕಡಲೇ ಹೆಚ್ಚು ಅಪಾಯ.

ಬೆನ್ನಿನ ಗಾಳಿ, ಎದೆಯ ಗಾಳಿ

ನಮ್ಮ ಮನೆ ಇದ್ದದ್ದು ಉತ್ತರಕ್ಕೆ, ಗಾಳಿ ಬರುವುದು ವಾಯುವ್ಯದಿಂದ. ಹಾಯಿದೋಣಿ ಗಾಳಿಗೆ ನೇರ ಎದುರಾಗಿ ಹೋಗಲಿಕ್ಕಿಲ್ಲ. ಓರೆಯಾಗಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹಾವಿನ ಹಾಗೆ ಹೋಗಬೇಕು. ದಾರಿ ಉದ್ದವಾಗುತ್ತದೆ, ಹೊತ್ತು ಜಾಸ್ತಿ ಹಿಡಿಯುತ್ತದೆ. ಬರುವಾಗ ಒಂದು ಗಂಟೆಯಲ್ಲಿ ಬಂದ ದಾರಿ ವಾಪಸಿಗೆ ಎರಡು ಗಂಟೆ ಬೇಡಿತು.

ಅಳಿಯ ಒಂದು ಲೆಕ್ಕ ಹೇಳಿದ. ಗಾಳಿ 12 ನಾಟ್ ಇದೆ ಅಂತ ಇಟ್ಟುಕೊಳ್ಳಿ. ಗಾಳಿ ಬೆನ್ನಿಗಿದ್ದು ದೋಣಿ 4 ನಾಟ್‌ನಲ್ಲಿ ಓಡುತ್ತಿದ್ದರೆ ದೋಣಿಯಲ್ಲಿ ಕೂತವನಿಗೆ ತಾಗುವುದು 8 ನಾಟ್ ಮಾತ್ರ. ಬಿಸಿಲು, ಹಿತ, ಎಲ್ಲ ಚಂದ. ಅದೇ ದೋಣಿ ತಿರುಗಿ ಗಾಳಿಗೆ ಓರೆಯಾಗಿ ಏರುವಾಗ ದೋಣಿಯ ವೇಗವೂ ಗಾಳಿಗೆ ಸೇರಿ 15 ನಾಟ್‌ನ ಹತ್ತಿರ ತಾಗುತ್ತದೆ. ಮೇಲಾಗಿ ಗಾಳಿಯ ಒತ್ತಡ ವೇಗದ ವರ್ಗದಂತೆ ಏರುತ್ತದೆ: ವೇಗ ಎರಡು ಪಟ್ಟಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕು ಪಟ್ಟು. ಗಾಳಿ ಬದಲಾಗದೆ, ದೋಣಿ ತಿರುಗಿದ್ದರಿಂದಲೇ ಸುಖದ ಪ್ರಯಾಣ ಕಷ್ಟದ್ದಾಗುತ್ತದೆ. ಕಾಕ “ಬರ್ಲಿಕ್ಕೆ ಎಂತ ಗಾಳಿ” ಅಂದಿದ್ದರ ಅರ್ಥ ಇದು.

ಆದ್ದರಿಂದ ಹೊರಡುವ ಮೊದಲು ಮುಖ ತಿರುಗಿಸಿ ಒಮ್ಮೆ ಗಾಳಿಗೆ ಎದುರು ನಿಲ್ಲಬೇಕು. ಅಲ್ಲಿ ಹಿತವಾಗಿದ್ದರೆ ಮಾತ್ರ ಹಿತ. ಸಾಧ್ಯವಿದ್ದರೆ ಮೊದಲು ಗಾಳಿಗೆ ಎದುರಾಗಿ ಹೋಗಿ, ಸುಸ್ತಾದ ಮೇಲೆ ಗಾಳಿಯ ಜೊತೆಗೆ ಮನೆಗೆ ಬರುವಂತೆ ದಾರಿ ಹಾಕಿಕೊಳ್ಳುವುದು ಒಳ್ಳೆಯದು.

ನೀರನ್ನು ನೋಡಿ ಗಾಳಿ ಅಳೆಯುವುದು

ಮೊಬೈಲ್ ಇಲ್ಲದ ಕಾಲದಲ್ಲೂ ಗಾಳಿ ಅಳೆಯುತ್ತಿದ್ದರು. ಬ್ರಿಟಿಷ್ ನೌಕಾಪಡೆಯ ಅಧಿಕಾರಿ ಫ್ರಾನ್ಸಿಸ್ ಬೋಫರ್ಟ್ 1805ರಲ್ಲಿ ಗಾಳಿಗೆ ಸೊನ್ನೆಯಿಂದ ಹನ್ನೆರಡರವರೆಗೆ ಅಂಕ ಕೊಟ್ಟ. ಇಂದಿಗೂ ಅದೇ ಅಳತೆ ನಡೆಯುತ್ತಿದೆ. ಮನೆಯವರ ಜೊತೆ ಹೋಗುವವರು ಅದರಲ್ಲಿ ನಾಲ್ಕು ಅಂಕ ನೆನಪಿಟ್ಟರೆ ಸಾಕು.

ಎರಡನೆಯದು 4ರಿಂದ 6 ನಾಟ್. ಮುಖಕ್ಕೆ ಗಾಳಿ ಗೊತ್ತಾಗುತ್ತದೆ, ನೀರಿನ ಮೇಲೆ ಸಣ್ಣ ಸುಕ್ಕು, ಎಲ್ಲೂ ನೊರೆ ಇಲ್ಲ. ಹೊಸಬರಿಗೆ, ಮಕ್ಕಳಿಗೆ ಇದು ಚಂದ. ಮೂರನೆಯದು 7ರಿಂದ 10 ನಾಟ್. ಸಣ್ಣ ತೆರೆಗಳ ತಲೆ ಅಲ್ಲೊಂದು ಇಲ್ಲೊಂದು ಒಡೆಯಲು ಶುರು. ಹಾಯಿದೋಣಿಗೆ ಇದೇ ಸವಿ ಹೊತ್ತು. ನಾಲ್ಕನೆಯದು 11ರಿಂದ 16 ನಾಟ್. ಬಿಳಿ ನೊರೆ ಸಾಕಷ್ಟು ಕಡೆ ಕಾಣುತ್ತದೆ, ಹೊರ ಕಡಲಲ್ಲಿ ತೆರೆ ಒಂದು ಮೀಟರ್ ಹತ್ತಿರ. ಗೊತ್ತಿದ್ದವರಿಗೆ ಮಜಾ, ಹೊಸಬರಿಗೆ ಹೆದರಿಕೆ, ಎಲ್ಲರಿಗೂ ಒದ್ದೆ. ಐದನೆಯದು 17ರಿಂದ 21 ನಾಟ್. ಎಲ್ಲಿ ನೋಡಿದರೂ ಬಿಳಿ. ಆ ದಿನ ಮಕ್ಕಳನ್ನು ಕಟ್ಟಿಕೊಂಡು ಸಣ್ಣ ದೋಣಿಯಲ್ಲಿ ಹೋಗುವ ಮಾತೇ ಬೇಡ.

ಕಾಕನಿಗೆ ಬೋಫರ್ಟ್ ಯಾರು ಅಂತ ಗೊತ್ತಿಲ್ಲ. ಅವರ ಲೆಕ್ಕ ಸುಲಭ: “ಕಡಲು ಹಲ್ಲು ತೋರಿಸ್ಲಿಕ್ಕೆ ಶುರು ಮಾಡಿದ್ರೆ ಮಕ್ಕಳನ್ನು ಇಳಿಸಿ.” ಬಿಳಿ ನೊರೆಯೇ ಆ ಹಲ್ಲು. ಎರಡೂ ಲೆಕ್ಕ ಒಂದೇ ಕಡೆ ಬಂದು ನಿಲ್ಲುತ್ತದೆ.

ಮೊಬೈಲಿನಲ್ಲಿ ಕಾಣುವ ಗಾಳಿಯ ಅಂಕೆ ಸರಾಸರಿ. ನಡುನಡುವೆ ಬೀಸುವ ಜೋರು ಗಾಳಿ ಅದಕ್ಕಿಂತ ಮೂರನೇ ಒಂದು ಪಾಲು, ಕೆಲವೊಮ್ಮೆ ಅರ್ಧದಷ್ಟು ಹೆಚ್ಚಿರಬಹುದು. ದೋಣಿಯನ್ನು ಮಗುಚುವುದು ಸರಾಸರಿ ಗಾಳಿ ಅಲ್ಲ, ಆ ಒಂದು ಜೋರಿನ ಗಾಳಿ.

ತೆರೆಯ ಎತ್ತರ ಮಾತ್ರ ಸಾಲದು

ಹೈದರಾಬಾದಿನಲ್ಲಿರುವ ಇನ್‌ಕಾಯಿಸ್ ಎಂಬ ಕೇಂದ್ರ ಸರಕಾರದ ಸಂಸ್ಥೆ ನಮ್ಮ ಕರಾವಳಿಗೆ ದಿನಾ ಕಡಲಿನ ಮುನ್ಸೂಚನೆ ಕೊಡುತ್ತದೆ. ಅದರಲ್ಲಿ ತೆರೆಯ ಎತ್ತರ ಇರುತ್ತದೆ. ಆ ಎತ್ತರ ಅತಿ ದೊಡ್ಡ ತೆರೆಯದ್ದಲ್ಲ, ದೊಡ್ಡ ಮೂರನೇ ಒಂದು ಪಾಲು ತೆರೆಗಳ ಸರಾಸರಿ. ಒಂದು ಮೀಟರ್ ಅಂತ ಬರೆದಿದ್ದ ದಿನ ಎಲ್ಲೋ ಒಂದು ತೆರೆ ಅದರ ಎರಡು ಪಟ್ಟಿನ ಹತ್ತಿರ ಬರಬಹುದು.

ಅದಕ್ಕಿಂತ ಮುಖ್ಯ, ಒಂದು ತೆರೆ ಹೋಗಿ ಇನ್ನೊಂದು ಬರಲು ಎಷ್ಟು ಸೆಕೆಂಡು ಎಂಬುದು. ಆಳ ನೀರಿನಲ್ಲಿ 10 ಸೆಕೆಂಡಿನ ತೆರೆಗಳ ನಡುವೆ ಸುಮಾರು 156 ಮೀಟರ್ ಅಂತರ. ಒಂದು ಮೀಟರ್ ಎತ್ತರವಿದ್ದರೂ ದೋಣಿ ಸಣ್ಣ ಗುಡ್ಡ ಹತ್ತಿ ಇಳಿದ ಹಾಗೆ ಆರಾಮದಲ್ಲಿ ಹೋಗುತ್ತದೆ. 4 ಸೆಕೆಂಡಿನ ತೆರೆಗಳ ನಡುವೆ ಸುಮಾರು 25 ಮೀಟರ್ ಮಾತ್ರ. ಅದೇ ಒಂದು ಮೀಟರ್ ಆಗ ಗುಡ್ಡವಲ್ಲ, ಮೆಟ್ಟಿಲು. ಒಂದು ಇಳಿದು ಮುಗಿಯುವುದರೊಳಗೆ ಇನ್ನೊಂದು ಮೂತಿಗೆ ಹೊಡೆಯುತ್ತದೆ. ದಡದಲ್ಲಿ ನಿಂತು ವಾಚು ನೋಡಿ ಎಣಿಸಿದರೆ ಯಾರಿಗೂ ಗೊತ್ತಾಗುತ್ತದೆ. ಹತ್ತು ತೆರೆ ಎಣಿಸಿ, ಹಿಡಿದ ಸೆಕೆಂಡುಗಳನ್ನು ಹತ್ತರಿಂದ ಭಾಗಿಸಿದರಾಯಿತು.

ಬೇಸಗೆಯಲ್ಲಿ ಇನ್ನೊಂದು ಉಂಟು. ಗಾಳಿ ಇಲ್ಲ, ಆಕಾಶ ಸ್ವಚ್ಛ, ಆದರೂ ಕಡಲು ಏಕಾಏಕಿ ಉಬ್ಬಿ ರಸ್ತೆಗೆ ಬರುತ್ತದೆ. ಇಲ್ಲಿಂದ ಸಾವಿರಾರು ಕಿಲೋಮೀಟರ್ ದೂರ, ಹಿಂದೂ ಮಹಾಸಾಗರದ ದಕ್ಷಿಣ ತುದಿಯ ಬಿರುಗಾಳಿಗೆ ಎದ್ದ ಉದ್ದ ತೆರೆಗಳು ದಿನಗಟ್ಟಲೆ ಪ್ರಯಾಣ ಮಾಡಿ ನಮ್ಮ ದಡ ಮುಟ್ಟುವುದರಿಂದ ಹೀಗಾಗುತ್ತದೆ. ಕೇರಳದವರು ಇದಕ್ಕೆ ‘ಕಳ್ಳಕ್ಕಡಲ್’ ಎನ್ನುತ್ತಾರೆ, ವಿಜ್ಞಾನಿಗಳೂ ಈಗ ಅದೇ ಹೆಸರು ಬಳಸುತ್ತಾರೆ. ಬ್ಯಾರಿ ಮಾತನಾಡುವ ನಮಗೆ ಆ ಪದದ ಅರ್ಥ ಹೇಳಬೇಕಾಗಿಲ್ಲ. ಎಪ್ರಿಲ್, ಮೇ ತಿಂಗಳಲ್ಲಿ ಹೊರಡುವವರು ಆಕಾಶ ನೋಡಿ ಮಾತ್ರ ಹೊರಡಬಾರದು, ಇನ್‌ಕಾಯಿಸ್ ಎಚ್ಚರಿಕೆ ಇದೆಯೋ ಅಂತಲೂ ನೋಡಬೇಕು.

ಅಳಿವೆ ಬಾಗಿಲಿನ ಹೊರಗೆ

ಎರಡು ಗಂಟೆಗೆ ಅಳಿವೆ ಬಾಗಿಲಿನ ಎದುರು ತಲುಪಿದೆವು. ಗಾಳಿ ಆಗ 15 ನಾಟ್ ಇರಬಹುದು. ಬೆಳಗ್ಗೆ ಕೆರೆಯ ಹಾಗಿದ್ದ ಜಾಗ ಬಿಳಿ ಬಿಳಿ ಕುದಿಯುತ್ತಿತ್ತು. ಇಳಿತ ಶುರುವಾಗಿತ್ತು. ಎರಡು ನದಿಗಳ ನೀರು ಆ ಇಕ್ಕಟ್ಟಿನಿಂದ ಪಶ್ಚಿಮಕ್ಕೆ ನುಗ್ಗುತ್ತಿದೆ, ಕಡಲ ಗಾಳಿ ಮತ್ತು ತೆರೆ ಪೂರ್ವಕ್ಕೆ ನುಗ್ಗುತ್ತಿವೆ. ಎದುರು ಹರಿವು ಸಿಕ್ಕಿದಾಗ ತೆರೆಗಳು ಹತ್ತಿರ ಹತ್ತಿರ ಬಂದು, ಕಡಿದಾಗಿ, ನಿಂತಲ್ಲೇ ಎದ್ದು ಒಡೆಯುತ್ತವೆ. ಅಳಿವೆಯಲ್ಲಿ ಮರಳು ತುಂಬಿ ಆಳ ಕಡಿಮೆ ಇದ್ದರೆ ಇನ್ನೂ ಕಷ್ಟ. ದೊಡ್ಡ ಮೀನುಗಾರಿಕಾ ಬೋಟುಗಳೇ ಇಲ್ಲಿ ಅವಘಡಕ್ಕೆ ಸಿಕ್ಕಿದ್ದನ್ನು ಮಂಗಳೂರಿನ ಪತ್ರಿಕೆ ಓದುವವರು ಬಲ್ಲರು.

ಈಗ ನಮ್ಮ ತಪ್ಪನ್ನು ಹೇಳಬೇಕು. ನಮಗೆ ಸಂಜೆ ನಾಲ್ಕೂವರೆಗೆ ಮದ್ರಸದಲ್ಲಿ ಕ್ಲಾಸಿತ್ತು. ಇಪ್ಪತ್ತು ವರ್ಷದಲ್ಲಿ ಹೇಳದೆ ಕ್ಲಾಸು ತಪ್ಪಿಸಿದವರಲ್ಲ. ಮಗ ವಾಂತಿ ಮಾಡಿ ಸುಸ್ತಾಗಿ ದೋಣಿಯ ತಳದಲ್ಲಿ ಮಲಗಿದ್ದ. ಮನೆ ಕಣ್ಣೆದುರು ಕಾಣುತ್ತಿದೆ. “ಹೋಗುವ, ಐದು ನಿಮಿಷದ ಕೆಲಸ” ಅಂತ ಅಳಿಯನಿಗೆ ಹೇಳಿದವರು ನಾವೇ. ಹಿರಿಯರ ಮಾತು ಅಂತ ಅವನೂ ದೋಣಿಯನ್ನು ಆ ಕಡೆ ತಿರುಗಿಸಿದ. ಆದರೆ ಅವನ ಮುಖ ಸರಿ ಇರಲಿಲ್ಲ. “ಮಾಮ, ದುಬೈಯಲ್ಲಿ ಇಂಥ ಬಾಗಿಲಿಲ್ಲ. ನನಗಿದು ಗೊತ್ತಿಲ್ಲ. ಒಮ್ಮೆ ಕಾಕನಿಗೆ ಫೋನ್ ಮಾಡುವ” ಅಂದ. ಆ ದಿನ ದೋಣಿಯಲ್ಲಿ ಯಾರಾದರೂ ಬುದ್ಧಿಯ ಮಾತಾಡಿದ್ದರೆ ಅದು ಇದೇ.

ಕಾಕ ಫೋನೆತ್ತಿದವರೇ ಹೇಳಿದ್ದು: “ನಾನು ಕಲ್ಲಿನ ಮೇಲೆ ನಿಂತಿದ್ದೇನೆ, ನೀವು ಕಾಣ್ತೀರಿ. ಈಗ ಒಳಗೆ ಬರ್ಬೇಡಿ. ತಿರುಗಿಸಿ. ಆಳಕ್ಕೆ ಹೋಗಿ, ಹಾಯಿ ಸಣ್ಣ ಮಾಡಿ ಕಾಯಿರಿ. ನೀರು ನಿಂತ ಮೇಲೆ ನಾನು ಹೇಳ್ತೇನೆ.” ನಾವು ಕ್ಲಾಸಿನ ಸಂಗತಿ ಎತ್ತಿದೆವು. ಕಾಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಉಸ್ತಾದ್, ಮಕ್ಕಳಿಗೆ ನಾಳೆ ಕಲಿಸಬಹುದು” ಅಂದರು.

ದಡದಿಂದ ಸಾಕಷ್ಟು ದೂರ ಹೋದೆವು. ಗಾಳಿ ನಮ್ಮನ್ನು ದಡಕ್ಕೆ ದೂಡುವ ಹೊತ್ತಿನಲ್ಲಿ ದಡದ ಹತ್ತಿರ ಇರುವುದೇ ಅಪಾಯ, ಆಳದಲ್ಲಿ ತೆರೆ ಎದ್ದರೂ ಒಡೆಯುವುದಿಲ್ಲ. ಅಳಿಯ ಹಾಯಿಯ ಕೆಳಭಾಗ ಮಡಚಿ ಕಟ್ಟಿ, ದೋಣಿಯನ್ನು ಗಾಳಿಗೆ ಓರೆಯಾಗಿ ನಿಲ್ಲಿಸಿದ. ಅರ್ಧ ಗಂಟೆ ಮೊದಲೇ ಹಾಯಿ ಸಣ್ಣ ಮಾಡಬೇಕಿತ್ತು ಅಂತ ಅವನೇ ಹೇಳಿದ. ‘ಹಾಯಿ ಕಿರಿದು ಮಾಡಬೇಕೋ’ ಎಂಬ ಯೋಚನೆ ಮೊದಲ ಸಲ ಬಂದಾಗಲೇ ಮಾಡಿಬಿಡಬೇಕು ಅಂತ ಅವನಿಗೆ ಕಲಿಸಿದ್ದರಂತೆ. ಮಗನಿಗೆ ಸ್ವಲ್ಪ ಸ್ವಲ್ಪ ನೀರು ಕುಡಿಸಿ, ಒಣ ಬಟ್ಟೆ ಸುತ್ತಿ, ದೂರದ ಗೆರೆ ನೋಡು ಅಂತ ಕೂರಿಸಿದೆವು. ಕೂತಲ್ಲೇ ನಮಾಝ್ ಮುಗಿಸಿದೆವು. ಒಂದೂಮುಕ್ಕಾಲು ಗಂಟೆ ಯಾರೂ ಹೆಚ್ಚು ಮಾತಾಡಲಿಲ್ಲ.

ಮೂರೂಮುಕ್ಕಾಲಕ್ಕೆ ಫೋನ್ ಬಂತು. ಇಳಿತದ ಜೋರು ಮುಗಿದು ಬಾಗಿಲಿನ ಬಿಳಿ ಕಡಿಮೆಯಾಗಿತ್ತು. ಕಾಕ ಒಳಗಡೆ ಮೋಟಾರು ದೋಣಿಯಲ್ಲಿ ಕಾಯುತ್ತಿದ್ದರು. ಹೊಟ್ಟೆಯೊಳಗೆ ನಡುಕ ಇದ್ದರೂ ಐದೇ ನಿಮಿಷದಲ್ಲಿ ಒಳಗೆ ಬಂದೆವು. ದಡ ಮುಟ್ಟಿದಾಗ ನಾಲ್ಕೂಕಾಲು. ಕಾಕ ಬೈಯಲಿಲ್ಲ, ಚಾ ತರಿಸಿದರು.

ಚಂದ್ರ ನೋಡುವವರಿಗೆ ಗೊತ್ತಿರಬೇಕಾದ್ದು

ಆ ರಾತ್ರಿ ನಮಗೆ ಹೊಳೆದ ಒಂದು ವಿಷಯ ಈ ಪುಟದ ಓದುಗರಿಗೆ ಉಪಯೋಗಕ್ಕೆ ಬರಬಹುದು. ಉಬ್ಬರ ಇಳಿತ ನಡೆಯುವುದು ಹೆಚ್ಚಾಗಿ ಚಂದ್ರನ ಲೆಕ್ಕದಲ್ಲಿ. ಅಮಾವಾಸ್ಯೆ, ಹುಣ್ಣಿಮೆ ಕಳೆದ ಒಂದೆರಡು ದಿನ ನೀರು ಅತಿ ಹೆಚ್ಚು ಏರಿ ಅತಿ ಹೆಚ್ಚು ಇಳಿಯುತ್ತದೆ, ಅಳಿವೆಗಳಲ್ಲಿ ಹರಿವು ಜೋರು. ಅರ್ಧ ಚಂದ್ರನ ದಿನಗಳ ಆಚೀಚೆ ಹರಿವು ಮೆತ್ತಗೆ. ಹಿಜ್ರಿ ತಿಂಗಳು ಶುರುವಾಗುವುದೇ ಹೊಸ ಚಂದ್ರ ಕಂಡ ಮೇಲೆ. ಅಂದರೆ ಹಿಜ್ರಿ ತಾರೀಕು 1ರಿಂದ 3, ಮತ್ತು 15ರಿಂದ 17ರ ಹೊತ್ತಿಗೆ ದೊಡ್ಡ ಉಬ್ಬರ ಇಳಿತ. 8ರಿಂದ 10, 22ರಿಂದ 24ರ ಹೊತ್ತಿಗೆ ಸಣ್ಣದು. ಒಂದು ದಿನ ಆಚೀಚೆ ಆಗಬಹುದು. ದಿನದಿಂದ ದಿನಕ್ಕೆ ಉಬ್ಬರದ ಹೊತ್ತು ಸುಮಾರು 50 ನಿಮಿಷ ಮುಂದೆ ಹೋಗುತ್ತದೆ.

ಈಗ ಯೋಚಿಸಿ. ಈದುಲ್ ಫಿತ್ರ್ ಶವ್ವಾಲ್ ಒಂದು. ನಮ್ಮ ಹುಡುಗರು, ಕುಟುಂಬಗಳು ಅತಿ ಹೆಚ್ಚು ಕಡಲ ತೀರಕ್ಕೆ, ಅಳಿವೆಗೆ, ದೋಣಿಗೆ ಹೋಗುವ ದಿನವೇ ಪ್ರತಿವರ್ಷವೂ ಹರಿವು ಜೋರಿರುವ ದಿನ. ಈದುಲ್ ಅಝ್‌ಹಾ ದುಲ್‌ಹಜ್ಜ್ ಹತ್ತು, ಆಗ ಹರಿವು ಕಡಿಮೆ. ಆದರೆ ಅದು ಮಳೆಗಾಲದಲ್ಲಿ ಬಿದ್ದರೆ ಕಡಲಿನ ಕಡೆ ಸುಳಿಯಲೇ ಬಾರದು. ಯಾಂತ್ರಿಕ ಬೋಟುಗಳಿಗೇ ಜೂನ್ 1ರಿಂದ ಜುಲೈ 31ರವರೆಗೆ ರಜೆ ಇರುವಾಗ ಹದಿನಾರು ಅಡಿಯ ದೋಣಿಯ ಮಾತೆಂತ?

‘ಮಾನ್ಸೂನ್’ ಎಂಬ ಪದ ಬಂದದ್ದೇ ಅರಬಿಯ ‘ಮೌಸಿಮ್’ನಿಂದ, ಅರ್ಥ ಋತು. ಯಾವ ಗಾಳಿಯಲ್ಲಿ ಬರಬೇಕು, ಯಾವ ಗಾಳಿಯಲ್ಲಿ ವಾಪಸ್ ಹೋಗಬೇಕು ಅಂತ ಗೊತ್ತಿದ್ದದ್ದರಿಂದಲೇ ಅರಬ್ ನಾವಿಕರು ನಮ್ಮ ದಡಕ್ಕೆ ಬಂದದ್ದು. ಹದಿನಾಲ್ಕನೇ ಶತಮಾನದಲ್ಲಿ ನಮ್ಮ ಮಂಗಳೂರನ್ನೂ ನೋಡಿಹೋದ ಇಬ್ನ್ ಬತೂತ ಕಲ್ಲಿಕೋಟೆಯಲ್ಲಿ ಜುಮಾ ನಮಾಝಿಗಾಗಿ ದಡದಲ್ಲೇ ಉಳಿದಿದ್ದಾಗ ಕಡಲು ಎದ್ದಿತು. ಸುಲ್ತಾನನ ಉಡುಗೊರೆಗಳಿದ್ದ ದೊಡ್ಡ ಹಡಗು ದಡಕ್ಕೆ ಬಡಿದು ಒಡೆಯಿತು. ಅದನ್ನು ಕಂಡ ಸಣ್ಣ ಹಡಗಿನವರು ಬತೂತನ ಸಾಮಾನಿನ ಸಮೇತ ಹಾಯಿ ಬಿಚ್ಚಿ ಹೊರಟೇ ಹೋದರು. ಅವನಿಗೆ ನಷ್ಟವಾಯಿತು, ಆದರೆ ಆ ಹೊತ್ತಿಗೆ ಆ ಹಡಗು ಉಳಿಯಿತು. ಕೆಟ್ಟ ಹೊತ್ತಿನಲ್ಲಿ ದಡವನ್ನು ಬಿಟ್ಟು ಆಳಕ್ಕೆ ಹೋಗುವ ಬುದ್ಧಿ ಆಗಲೂ ಇತ್ತು, ಈಗ ಕಾಕನ ಹತ್ತಿರವೂ ಉಂಟು.

ಹೊರಡುವ ಮೊದಲು

ದೋಣಿಯಲ್ಲಿ ಅತಿ ಮೆತ್ತಗಿನವರು ಯಾರೋ ಅವರ ಅಳತೆಯಲ್ಲಿ ದಿನವನ್ನು ಅಳೆಯಿರಿ. ಅಳಿಯನಿಗೆ 15 ನಾಟ್ ಸುಖ, ಎಂಟನೇ ಕ್ಲಾಸಿನ ಹುಡುಗನಿಗೆ ಅಲ್ಲ. ಚಿಕ್ಕವರು, ಹಿರಿಯರು ಜೊತೆಗಿದ್ದರೆ 10 ನಾಟ್ ಒಳಗೆ, ಅರ್ಧ ಮೀಟರ್ ತೆರೆಯೊಳಗೆ ಮುಗಿಸಿ. ಮುನ್ಸೂಚನೆಯಲ್ಲಿ ಹೊರಡುವ ಹೊತ್ತಿನ ಗಾಳಿ ಮಾತ್ರ ನೋಡಬೇಡಿ, ವಾಪಸ್ ಬರುವ ಹೊತ್ತಿನದ್ದನ್ನೂ, ಅದರ ನಂತರದ ಎರಡು ಗಂಟೆಯದ್ದನ್ನೂ ನೋಡಿ. ಬಾಗಿಲು ದಾಟಬೇಕಾದರೆ ಇಳಿತದ ಹೊತ್ತು ಮೊದಲೇ ಬರೆದಿಟ್ಟುಕೊಳ್ಳಿ. ತಿರುಗುವ ಗಂಟೆಯನ್ನು ದಡದಲ್ಲೇ ನಿಶ್ಚಯಿಸಿ, ದಡದಲ್ಲಿ ಒಬ್ಬರಿಗೆ ಹೇಳಿ ಹೋಗಿ. ಆ ದಿನ ಸಂಜೆಗೆ ಬೇರೆ ಕೆಲಸ ಇಟ್ಟುಕೊಳ್ಳಬೇಡಿ. ಲೈಫ್ ಜಾಕೆಟ್ ಕಾಲಡಿಯಲ್ಲಿ ಅಲ್ಲ, ಮೈಮೇಲೆ ಇರಲಿ. ಕಷ್ಟ ಬಂದರೆ ಕೋಸ್ಟ್ ಗಾರ್ಡಿನ ನಂಬರ್ 1554, ಕರಾವಳಿ ಕಾವಲು ಪೊಲೀಸರದ್ದು 1093.

ಎಲ್ಲಕ್ಕಿಂತ ಮುಖ್ಯ, ಹಿರಿಯರು ಅವಸರ ಮಾಡಬಾರದು. ದೋಣಿಯಲ್ಲಿ ಗೊತ್ತಿದ್ದವನು ಚಿಕ್ಕವನಾಗಿದ್ದರೂ ಅವನ ಮಾತು ನಡೆಯಬೇಕು. ಆ ದಿನ ಮಾಮ ಅನ್ನುವ ಗೌರವಕ್ಕೆ ಅಳಿಯ ಸುಮ್ಮನಿದ್ದಿದ್ದರೆ ಈ ಲೇಖನ ಬರೆಯುವವರು ಬೇರೆ ಯಾರಾದರೂ ಆಗಿರುತ್ತಿದ್ದರು.

ಮರುದಿನ ಮದ್ರಸದಲ್ಲಿ ಮಕ್ಕಳ ಹತ್ತಿರ ಹಿಂದಿನ ದಿನ ಬಾರದೆ ಇದ್ದದ್ದಕ್ಕೆ ಮಾಫಿ ಕೇಳಿ, ನಡೆದದ್ದನ್ನು ಹೇಳಿದೆವು. ಒಂದು ತಿಂಗಳ ನಂತರ, ಅಳಿಯನ ರಜೆ ಮುಗಿಯುವ ಮೊದಲು, ಮಗನೇ ಬಂದು “ಇನ್ನೊಂದು ಸಲ ಹೋಗುವನಾ ಬಾಪಾ?” ಅಂತ ಕೇಳಿದ. ಅವನ ಉಮ್ಮನನ್ನು ಒಪ್ಪಿಸಲು ಎರಡು ದಿನ ಹಿಡಿಯಿತು. ಬೆಂಗ್ರೆಯಲ್ಲಿ ಕಾಕ ಅದೇ ಜಾಗದಲ್ಲಿ ಕೂತಿದ್ದರು. ಅದೇ ಪ್ರಶ್ನೆ ಕೇಳಿದರು.

“ಹತ್ತು ಗಂಟೆಗೆ ತಿರುಗ್ತೇವೆ, ಹನ್ನೊಂದಕ್ಕೆ ಇಲ್ಲಿರ್ತೇವೆ. ಇಳಿತ ಶುರು ಆಗುವುದು ಹನ್ನೆರಡರ ಮೇಲೆ” ಅಂತ ಮಗ ಉತ್ತರ ಕೊಟ್ಟ. ಕಾಕ ಈ ಸಲ ಬಲೆಯಿಂದ ತಲೆ ಎತ್ತಿ ಅವನನ್ನು ನೋಡಿದರು. ನಾವು ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ದೋಣಿ ಕಟ್ಟಿದೆವು.